ಕೇಳುವ ಹುಚ್ಚಿನಿಂದ ಡೆಕ್ಕಿನವರೆಗೆ: ಎಲೆಕ್ಟ್ರಾನಿಕ್ ಸಂಗೀತದ ಡಿಜೆ, ಪ್ರೊಡ್ಯೂಸರ್ ಆಗುವ ದಾರಿ

ನನಗೆ ಹತ್ತು ವರ್ಷ ಇರುವಾಗ ಎರಡು ಕ್ಯಾಸೆಟ್ ಹಾಕುವ ಒಂದು ಟೇಪ್ ರೆಕಾರ್ಡರ್ ಇತ್ತು. ಒಂದು ಹಾಡಿನ ಶುರುವಿನಲ್ಲಿ ಬರೀ ಡ್ರಮ್ ಬರುವ ನಾಲ್ಕು ಸೆಕೆಂಡಿನ ತುಂಡು ಅಂದರೆ ನನಗೆ ಪ್ರಾಣ. ಹಾಡುವವರು ಬಾಯಿ ತೆರೆಯುವ ಮೊದಲೇ ಪಾಜ್ ಒತ್ತುತ್ತಿದ್ದೆ. ಹಿಂದಕ್ಕೆ ಸುತ್ತುತ್ತಿದ್ದೆ. ಮತ್ತೆ ಅದೇ ತುಂಡನ್ನು ಎರಡನೇ ಕ್ಯಾಸೆಟ್‌ಗೆ ಇಳಿಸುತ್ತಿದ್ದೆ. ಮಧ್ಯಾಹ್ನ ಪೂರ್ತಿ ಕೂತರೆ ಎರಡು ನಿಮಿಷದ ಡ್ರಮ್ ಸಿಗುತ್ತಿತ್ತು, ಪ್ರತಿ ಜೋಡಣೆಯಲ್ಲೂ 'ಟಕ್' ಅನ್ನುವ ಸದ್ದಿನ ಸಮೇತ. ಅದಕ್ಕೆ ಲೂಪ್ ಅಂತಾರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನಿಮಗೂ ಇಂಥದ್ದೇನೋ ನೆನಪಿರಬಹುದು. ಹಿನ್ನೆಲೆ ಸಂಗೀತಕ್ಕೋಸ್ಕರವೇ ಗೇಮ್ ಆಡಿದ್ದು. ಅಣ್ಣನ ಹೆಡ್‌ಫೋನ್ ಎತ್ತಿಕೊಂಡು ಹೋಗಿ ಒಂದೇ ಮಿಕ್ಸ್ ಇಪ್ಪತ್ತು ಸಲ ಕೇಳಿದ್ದು. ಅದೆಲ್ಲ ಕಾಲಹರಣ ಅಂದುಕೊಳ್ಳಬೇಡಿ. ಡ್ರಾಪ್, ಅಂದರೆ ತಡೆದಿಟ್ಟ ಬೀಟ್ ಮತ್ತೆ ಧುಮುಕುವ ಜಾಗ, ಯಾವ ಕ್ಷಣಕ್ಕೆ ಬೀಳುತ್ತದೆ ಅಂತ ನಿಮ್ಮ ಮೈಗೆ ಮೊದಲೇ ಗೊತ್ತಾಗುತ್ತಿತ್ತು, ಅಲ್ವಾ? ಈ ಕೆಲಸದ ಅರ್ಧ ಬಂಡವಾಳ ಅದೇ. ಮೈಗೆ ಗೊತ್ತಿರುವುದಕ್ಕೆ ಲೆಕ್ಕ ಹಚ್ಚಿ ಕೈಗೆ ಕಲಿಸುವುದು ಉಳಿದರ್ಧ.

2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಟಿಯೆಸ್ಟೊ ನುಡಿಸಿದ್ದನ್ನು ನೋಡಿ ಎಂಟು ವರ್ಷದ ಹುಡುಗನೊಬ್ಬ ತಾನೂ ಡಿಜೆ ಆಗಬೇಕು ಅಂದುಕೊಂಡ. ಅವನೇ ಮಾರ್ಟಿನ್ ಗ್ಯಾರಿಕ್ಸ್. 2013ರಲ್ಲಿ ಅವನ ಟ್ರ್ಯಾಕ್ ಲೋಕವನ್ನೆಲ್ಲ ಕುಣಿಸಿದಾಗ ಅವನಿಗೆ ಹದಿನೇಳು. ನಡುವಿನ ಒಂಬತ್ತು ವರ್ಷದಲ್ಲಿ ಮಾಡುವಂಥ ಕೆಲಸ ಏನು ಅನ್ನುವುದು ಈ ಲೇಖನದ ವಿಷಯ. ಒಂಬತ್ತೇ ವರ್ಷ ಬೇಕು ಅಂತೇನಿಲ್ಲ. ಹದಿನೇಳಕ್ಕೇ ಆಗಬೇಕು ಅಂತಲೂ ಇಲ್ಲ.

1. ಒಂದು ಹಾಡು, ಒಂದು ಪೆನ್ಸಿಲ್

ಮೊದಲು ಏನೂ ಕೊಳ್ಳಬೇಡಿ. ನಿಮಗೆ ಬಾಯಿಪಾಠ ಆಗಿರುವ ಒಂದು ಟ್ರ್ಯಾಕ್ ಆರಿಸಿ. 'ಧಂ' ಅನ್ನುವ ಕಿಕ್ ಡ್ರಮ್ ಪ್ರತಿ ಬೀಟಿಗೂ ಬೀಳುವ ಹೌಸ್ ಅಥವಾ ಟ್ರಾನ್ಸ್ ಪ್ರಕಾರದ್ದಾದರೆ ಸುಲಭ. ಕಿಕ್ ಜೊತೆ ಬೆರಳು ಬಡಿಯುತ್ತಾ ಎಣಿಸಿ. ನಾಲ್ಕು ಬೀಟಿಗೆ ಒಂದು ಬಾರ್. ತಾಳ ಹಾಕಿ ರೂಢಿಯಿದ್ದವರು ಇದನ್ನು ಪುಟ್ಟ ಆವರ್ತ ಅಂದುಕೊಳ್ಳಬಹುದು. ಎಣಿಸುವಾಗ ಮೊದಲ ಬೀಟಿಗೆ ಬಾರ್ ಸಂಖ್ಯೆ ಹೇಳಿ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಹೊಸ ಸದ್ದು ಬಂದಾಗ, ಇದ್ದ ಸದ್ದು ಹೋದಾಗ ಬಾರ್ ಸಂಖ್ಯೆ ಬರೆದುಕೊಳ್ಳಿ.

ನಿಮ್ಮ ಹಾಳೆ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ. 1: ಕಿಕ್ ಮಾತ್ರ. 9: ಹೈ-ಹ್ಯಾಟ್ ('ಚಿಸ್' ಅನ್ನುವ ತಾಳದ ತಟ್ಟೆ). 17: ಕ್ಲ್ಯಾಪ್. 33: ಬೇಸ್. 65: ಕಿಕ್ ಮಾಯ, ಉದ್ದನೆಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು), ಯಾರದೋ ದನಿ. 81: ಸ್ನೇರ್ (ಚುರುಕು ಸದ್ದಿನ ಡ್ರಮ್) ಮೆಲ್ಲಗೆ ಶುರು. 89: ಸ್ನೇರ್ ದುಪ್ಪಟ್ಟು ವೇಗ. 97: ಡ್ರಾಪ್.

ಈಗ ಆ ಸಂಖ್ಯೆಗಳಲ್ಲಿ ಒಂದೊಂದು ಕಳೆಯಿರಿ. 8, 16, 32, 64, 80, 88, 96. ಎಲ್ಲ ಎಂಟರ ಮಗ್ಗಿ. ಹಾಡು 128 ಬಿಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 128 ಬೀಟ್ ಇದ್ದರೆ, 32 ಬಾರ್‌ಗೆ ಸರಿಯಾಗಿ ಒಂದು ನಿಮಿಷ ಹಿಡಿಯುತ್ತದೆ. 97ನೇ ಬಾರಿನ ಡ್ರಾಪ್ ಮೂರು ನಿಮಿಷ ಮುಗಿದ ಕ್ಷಣಕ್ಕೆ ಬೀಳುತ್ತದೆ. ಇಷ್ಟು ವರ್ಷ ನಿಮ್ಮ ಮೈ ಎಣಿಸುತ್ತಿದ್ದದ್ದು ಇದನ್ನೇ.

ಇನ್ನೊಂದು ಗಮನಿಸಿ. ಶುರುವಿನ 32 ಬಾರ್ ಬರೀ ಡ್ರಮ್ ಯಾಕೆ? ಸುಮ್ನೆ ಕೇಳುತ್ತಿದ್ದಾಗ ನಾವೆಲ್ಲ ಅದನ್ನು ದಾಟಿಸಿ ಮುಂದಕ್ಕೆ ಹೋದವರೇ. ಅದು ಕೇಳುಗರಿಗೆ ಅಂತ ಮಾಡಿದ್ದಲ್ಲ. ಹಿಂದಿನ ಹಾಡಿನ ಬಾಲದ ಮೇಲೆ ಇದರ ತಲೆ ಕೂರಿಸೋಕೆ ಡಿಜೆಗೆ ಬಿಟ್ಟ ಜಾಗ ಅದು. ಈ ಗುಟ್ಟು ತಿಳಿದ ದಿನದಿಂದ ನೀವು ಬರೀ ಅಭಿಮಾನಿಯಾಗಿ ಉಳಿಯುವುದಿಲ್ಲ.

ಹೀಗೆ ಹತ್ತು ಟ್ರ್ಯಾಕ್ ಬಿಡಿಸಿ. ಬೇರೆ ಬೇರೆ ವೇಗದವು ಇರಲಿ. ಹೌಸ್ ಸಾಮಾನ್ಯವಾಗಿ 120ರಿಂದ 128, ಟ್ರಾನ್ಸ್ 130ರಿಂದ 140, ಡ್ರಮ್ ಅಂಡ್ ಬೇಸ್ 170ರಿಂದ 175ರ ಆಸುಪಾಸು. ಡಬ್‌ಸ್ಟೆಪ್ 140 ಇದ್ದರೂ ಕಿವಿಗೆ 70 ಅನಿಸುತ್ತದೆ. ಅದರ ಸ್ನೇರ್ ಬಾರಿಗೆ ಒಂದೇ ಸಲ, ಮೂರನೇ ಬೀಟಿನಲ್ಲಿ ಬೀಳುವುದರಿಂದ ಹಾಗೆ. ಆ ನೋಟ್‌ಬುಕ್ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

2. ಡಿಜೆನಾ, ಪ್ರೊಡ್ಯೂಸರಾ?

ಡಿಜೆ ಇದ್ದ ಹಾಡುಗಳನ್ನು ಪೋಣಿಸಿ ಜನರನ್ನು ಕುಣಿಸುವವರು. ಪ್ರೊಡ್ಯೂಸರ್ ಹಾಡನ್ನೇ ಕಟ್ಟುವವರು. ಒಂದೇ ಹೆಸರು ಎರಡನ್ನೂ ಮಾಡುವುದು ಈಗ ಮಾಮೂಲಿಯಾದ್ದರಿಂದ ಎರಡೂ ಒಂದೇ ಅಂತ ಜನ ತಿಳಿಯುತ್ತಾರೆ. ಕೆಲಸ ಮಾತ್ರ ಪೂರ್ತಿ ಬೇರೆ. ಒಂದರಲ್ಲಿ ತಪ್ಪಿದರೆ ಎದುರಿಗಿದ್ದವರು ಆಗಲೇ ತಿರುಗಿ ನೋಡುತ್ತಾರೆ. ಇನ್ನೊಂದರಲ್ಲಿ ತಪ್ಪಿದ್ದು ತಿಂಗಳಾದರೂ ಗೊತ್ತಾಗುವುದಿಲ್ಲ.

ಯಾವುದು ಮೊದಲು? ನನ್ನ ಮಟ್ಟಿಗೆ ಡಿಜೆ ಕೆಲಸವೇ ಮೊದಲು. ಆರು ತಿಂಗಳು ಬೇರೆಯವರ ಟ್ರ್ಯಾಕ್‌ಗಳನ್ನು ಒಂದಕ್ಕೊಂದು ಜೋಡಿಸಿದವರಿಗೆ ಬ್ರೇಕ್‌ಡೌನ್ (ಕಿಕ್ ಮಾಯವಾಗುವ ಭಾಗ) ಎಷ್ಟು ಉದ್ದ ಇರಬೇಕು, ಬೇಸ್ ಎಲ್ಲಿ ಸುಮ್ಮನಾಗಬೇಕು ಅನ್ನುವುದು ಹೇಳಿಕೊಡದೆ ಬರುತ್ತದೆ. ಒಬ್ಬರೇ ಕೂತು ಸದ್ದು ತಿದ್ದುವುದೇ ಖುಷಿ ಅನ್ನುವ ಸ್ವಭಾವದವರು ಸೀದಾ ಏಳನೇ ಹಂತಕ್ಕೆ ಹೋಗಬಹುದು. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

3. ಸಾಮಾನು ಆದಷ್ಟು ಕಡಿಮೆ

ಒಂದು ಲ್ಯಾಪ್‌ಟಾಪ್. ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್. ಬ್ಲೂಟೂತ್ ಬೇಡ, ಸದ್ದು ಚೂರು ತಡವಾಗಿ ತಲುಪುತ್ತದೆ. ಬೀಟ್ ಕೂರಿಸುವಾಗ ಆ ಚೂರೇ ಕೆಲಸ ಕೆಡಿಸುತ್ತದೆ. ಜೊತೆಗೆ ಎರಡು ಚಾನೆಲ್‌ನ ಒಂದು ಸಣ್ಣ ಕಂಟ್ರೋಲರ್, ಅಂದರೆ ಒಟ್ಟಿಗೆ ಎರಡು ಹಾಡು ನಡೆಸುವ ಗುಂಡಿ, ಚಕ್ರಗಳ ಹಲಗೆ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊಳ್ಳುವ ಮುಂಚೆ ಫೇಡರ್‌ಗಳನ್ನು (ಜಾರಿಸುವ ಗುಂಡಿಗಳು) ಮೇಲೆ ಕೆಳಗೆ ಎಳೆದು ಕರಕರ ಸದ್ದು ಬರುತ್ತದಾ ನೋಡಿ, ಜಾಗ್ ವೀಲ್ ಅನ್ನುವ ದೊಡ್ಡ ಚಕ್ರವನ್ನು ಎರಡೂ ಕಡೆ ತಿರುಗಿಸಿ.

ಸಾಫ್ಟ್‌ವೇರ್‌ಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಮಿಕ್ಸ್ (Mixxx) ಅನ್ನುವ ಹೆಸರಿನದೇ ಒಂದು ಓಪನ್ ಸೋರ್ಸ್ ಡಿಜೆ ಸಾಫ್ಟ್‌ವೇರ್ ಇದೆ, ಉಚಿತ. ಮುಂದೆ ಕ್ಲಬ್‌ಗಳಲ್ಲಿ ನುಡಿಸುವ ಆಸೆ ಇದ್ದರೆ ರೆಕಾರ್ಡ್‌ಬಾಕ್ಸ್ ಈಗಲೇ ರೂಢಿ ಮಾಡಿಕೊಳ್ಳಿ. ಅಲ್ಲಿ ಜಾಸ್ತಿ ಕಾಣಿಸುವ ಪಯೋನಿಯರ್ ಪ್ಲೇಯರ್‌ಗಳಿಗೆ ಪೆನ್‌ಡ್ರೈವ್ ತಯಾರು ಮಾಡುವುದು ಅದರಲ್ಲೇ.

ದೊಡ್ಡ ಯಂತ್ರ ಬಂದ ಮೇಲೆ ಕಲಿಯುತ್ತೇನೆ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಲ್ಕು ಚಾನೆಲ್ ಬಂದ ಮೇಲೂ ಅವರು ಒಂದನ್ನೇ ಬಳಸುತ್ತಾರೆ.

4. ಹಾಡುಗಳ ಕಪಾಟು

ಹಾಡುಗಳನ್ನು ದುಡ್ಡು ಕೊಟ್ಟು ಫೈಲ್ ರೂಪದಲ್ಲೇ ಕೊಳ್ಳಿ. ಎಂಪಿ3 ಆದರೆ 320 ಕೆಬಿಪಿಎಸ್, ಆಗದಿದ್ದರೆ ವೇವ್ ಅಥವಾ ಎಐಎಫ್ಎಫ್. ಹಳೆಯ ಕೆಲವು ಪ್ಲೇಯರ್‌ಗಳು ಫ್ಲ್ಯಾಕ್ ಓದುವುದಿಲ್ಲ, ನೆನಪಿರಲಿ. ವಿಡಿಯೊ ಸೈಟಿನಿಂದ ಕಿತ್ತ ಫೈಲು ಫೋನಿನಲ್ಲಿ ಚೆನ್ನಾಗೇ ಕೇಳುತ್ತದೆ. ದೊಡ್ಡ ಸ್ಪೀಕರ್‌ನಲ್ಲಿ ಹೈ-ಹ್ಯಾಟ್‌ಗಳು ನೀರಿನೊಳಗಿಂದ ಬಂದಂತೆ ಗುಳುಗುಳು ಅನ್ನುತ್ತವೆ.

ಶುರುವಿಗೆ ಐವತ್ತು ಟ್ರ್ಯಾಕ್ ಸಾಕು. ಐದು ಸಾವಿರ ಇಟ್ಟುಕೊಂಡು ಯಾವುದೂ ಗೊತ್ತಿಲ್ಲ ಅನ್ನುವುದಕ್ಕಿಂತ ಐವತ್ತರ ಒಳಹೊರಗು ಗೊತ್ತಿರಲಿ. ಪ್ರಕಾರದ ಹೆಸರಿನಲ್ಲಿ ಫೋಲ್ಡರ್ ಮಾಡಬೇಡಿ. 'ಡೀಪ್ ಹೌಸ್' ಅನ್ನುವ ಫೋಲ್ಡರ್ ರಾತ್ರಿ ಹತ್ತು ಗಂಟೆಗೆ ನಿಮಗೆ ಏನೂ ಹೇಳುವುದಿಲ್ಲ. 'ಜನ ಇನ್ನೂ ಬರ್ತಿದ್ದಾರೆ', 'ಈಗ ಕಾವೇರ್ತಿದೆ', 'ಎಲ್ಲಾ ಸುಸ್ತು, ಉಸಿರಾಡಲಿ' ಅಂತ ಹೆಸರಿಟ್ಟು ನೋಡಿ. ತಮಾಷೆ ಅನಿಸಬಹುದು, ಆದರೆ ಕತ್ತಲಲ್ಲಿ ಕೈ ನೆಟ್ಟಗೆ ಅಲ್ಲಿಗೇ ಹೋಗುತ್ತದೆ.

5. ಎರಡು ಕಿಕ್ ಒಂದಾಗುವ ತನಕ

ಸಾಫ್ಟ್‌ವೇರ್‌ನಲ್ಲಿ ಸಿಂಕ್ ಅನ್ನುವ ಬಟನ್ ಇದೆ. ಒತ್ತಿದರೆ ಎರಡು ಹಾಡಿನ ವೇಗ ತಾನಾಗೇ ಸೇರುತ್ತದೆ. ಅದನ್ನು ಬಳಸಿದರೆ ಪಾಪವೇನಿಲ್ಲ. ಆದರೂ ಮೊದಲ ಎರಡು ತಿಂಗಳು ಅದಕ್ಕೆ ಸ್ಟಿಕರ್ ಅಂಟಿಸಿ, ಪರದೆಯ ಮೇಲಿನ ಅಲೆಗಳಿಗೂ ಒಂದು ಕಾಗದ ಅಡ್ಡ ಇಡಿ. ಕಿವಿ ಕೆಲಸ ಕಲಿಯುವುದು ಕಣ್ಣು ಮುಚ್ಚಿದಾಗ.

ಮೊದಲ ದಿನ ಒಂದೇ ಹಾಡನ್ನು ಎಡ, ಬಲ ಎರಡೂ ಡೆಕ್‌ಗೆ ಹಾಕಿ. ಎಡಗಡೆಯದು ಸ್ಪೀಕರ್‌ನಲ್ಲಿ ಓಡುತ್ತಿರಲಿ. ಬಲಗಡೆಯದನ್ನು ಮೊದಲ ಕಿಕ್‌ನ ತುದಿಗೆ ನಿಲ್ಲಿಸಿ, ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕಿ. ಎಣಿಸಿ. ಹೊಸ ಎಂಟು ಬಾರ್ ಶುರುವಾಗುವ 'ಒಂದು' ಬಂದಾಗ ಪ್ಲೇ ಒತ್ತಿ.

ಕಿಕ್‌ಗಳು ಚೂರು ಹಿಂದುಮುಂದಾದರೆ ಕುದುರೆ ಓಡಿದ ಹಾಗೆ ಟಕಟಕ, ಟಕಟಕ ಅನ್ನುತ್ತದೆ. ಜಾಗ್ ವೀಲ್‌ನ ಅಂಚನ್ನು ಬೆರಳಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿ. ಟಕಟಕ ಹತ್ತಿರವಾದರೆ ದಿಕ್ಕು ಸರಿ, ದೂರವಾದರೆ ಹಿಂದಕ್ಕೆ ಎಳೆಯಿರಿ. ಇನ್ನೂ ಹತ್ತಿರ. ಇನ್ನೂ. ಒಂದು ಕ್ಷಣಕ್ಕೆ ಎರಡೂ ಒಂದರ ಮೇಲೊಂದು ಕೂತು, ಇಡೀ ಹಾಡು ಕೊಳವೆಯೊಳಗೆ ಹಾದುಹೋದಂತೆ 'ಹುಶ್ಶ್' ಅನ್ನುತ್ತದೆ. ಅದೇ ಗುರುತು. ಒಂದೇ ಹಾಡಿನ ಎರಡು ಪ್ರತಿ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಓಡಿದಾಗ ಕೆಲವು ಸ್ವರ ಒಂದನ್ನೊಂದು ಅಳಿಸಿಕೊಂಡು, ಕೆಲವು ಒಂದಕ್ಕೊಂದು ಸೇರಿ ಈ ಸದ್ದು ಹುಟ್ಟುತ್ತದೆ. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಎರಡನೇ ವಾರ ಬೇರೆ ಹಾಡು ಹಾಕಿ. ಈಗ ವೇಗವೂ ಬೇರೆ. ಕೂರಿಸಿದ್ದು ಹತ್ತು ಸೆಕೆಂಡಿಗೆ ಮತ್ತೆ ಜಾರುತ್ತದೆ. ಪದೇ ಪದೇ ಮುಂದಕ್ಕೆ ತಳ್ಳಬೇಕಾಗಿ ಬಂದರೆ ಹೊಸ ಹಾಡು ನಿಧಾನ ಅಂತ ಅರ್ಥ. ಟೆಂಪೊ ಫೇಡರ್‌ನಲ್ಲಿ ವೇಗ ಸ್ವಲ್ಪ ಏರಿಸಿ. ಹಿಂದಕ್ಕೆ ಎಳೆಯಬೇಕಾಗಿ ಬಂದರೆ ಇಳಿಸಿ. ಇಷ್ಟೇ ವಿದ್ಯೆ. ಕೈಗೆ ಹತ್ತೋಕೆ ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಬೇಕು. ಹಾಡ್ತಾ ಹಾಡ್ತಾ ರಾಗ.

ಬೀಟ್ ಸೇರಿದ ಮಾತ್ರಕ್ಕೆ ಮಿಕ್ಸ್ ಚೆನ್ನಾಗಿರುವುದಿಲ್ಲ. ಇಲ್ಲಿ ಆ ಎಂಟರ ಮಗ್ಗಿ ಕೆಲಸಕ್ಕೆ ಬರುತ್ತದೆ. ಹಳೆಯ ಹಾಡಿನ ಬ್ರೇಕ್‌ಡೌನ್ ನಡುವೆ ಹೊಸ ಹಾಡಿನ ಡ್ರಾಪ್ ನುಗ್ಗಿದರೆ ಬೀಟ್ ಎಷ್ಟೇ ಸರಿ ಇದ್ದರೂ ಕಿವಿಗೆ ಮುಳ್ಳು. ಒಂದರ 16 ಅಥವಾ 32 ಬಾರ್ ಮುಗಿಯುವ ಗಡಿಗೆ ಇನ್ನೊಂದರ ಶುರು ಬೀಳಬೇಕು.

ಬೇಸ್ ಇನ್ನೊಂದು ಪೇಚು. ಎರಡು ಹಾಡಿನ ಬೇಸ್ ಒಟ್ಟಿಗೆ ಓಡಿದರೆ ಕೆಸರು. ಹೊಸ ಹಾಡನ್ನು ಲೋ (ತಳದ ಸದ್ದಿನ) ಗುಂಡಿ ಪೂರ್ತಿ ಇಳಿಸಿ ಒಳಗೆ ತನ್ನಿ. ಗಡಿಯ 'ಒಂದು' ಬಂದಾಗ ಎರಡೂ ಕೈಯಲ್ಲಿ ಹಳೆಯದರ ಲೋ ಇಳಿಸಿ, ಹೊಸದರ ಲೋ ಏರಿಸಿ. ಚೆನ್ನಾಗಿ ಮಾಡಿದರೆ ಹಾಡು ಬದಲಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನೆಲ ಮಾತ್ರ ಬೇರೆ ಥರ ಅದುರುತ್ತದೆ.

ಶ್ರುತಿಯ ವಿಷಯ ಚುಟುಕಾಗಿ. ಕ್ಯಾಮೆಲಾಟ್ ಚಕ್ರ ಅಂತ ಒಂದಿದೆ, ಪ್ರತಿ ಕೀಗೂ, ಅಂದರೆ ಹಾಡು ನಿಂತಿರುವ ಸ್ವರಗುಂಪಿಗೂ, ಒಂದು ನಂಬರ್. ಎ ಮೈನರ್ 8ಎ, ಸಿ ಮೇಜರ್ 8ಬಿ. 8ಎ ಹಾಡಿನ ಜೊತೆ 7ಎ, 9ಎ, 8ಬಿ ಹೊಂದುತ್ತವೆ. ಆದರೆ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಹಿಡಿದಿಡುವ ಗುಂಡಿ) ಹಾಕದೆ ವೇಗವನ್ನು ಸುಮಾರು 6% ಬದಲಿಸಿದರೆ ಶ್ರುತಿ ಒಂದು ಪೂರಾ ಸೆಮಿಟೋನ್ (ಅರ್ಧ ಸ್ವರ) ಜರುಗುತ್ತದೆ. ಆಗ ಪರದೆಯ ನಂಬರ್ ನಂಬಿ ಪ್ರಯೋಜನವಿಲ್ಲ, ಕಿವಿ ನಂಬಿ.

ನನ್ನ ಕ್ಯಾಸೆಟ್ ಸಾಹಸಕ್ಕೆ ದೊಡ್ಡ ಪೂರ್ವಜರಿದ್ದಾರೆ ಅಂತ ಆಮೇಲೆ ಗೊತ್ತಾಯಿತು. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಬರೀ ಡ್ರಮ್ ಬರುವ ತುಂಡನ್ನು ಒಂದು ಡೆಕ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ಉದ್ದ ಮಾಡುತ್ತಿದ್ದರು. ಹಿಪ್‌ಹಾಪ್‌ಗೆ ಬುನಾದಿ ಬಿದ್ದದ್ದು ಅಲ್ಲಿ. ಅವರಿಗೆ 'ಟಕ್' ಸದ್ದು ಬರುತ್ತಿತ್ತೋ ಇಲ್ಲವೋ, ನನಗಂತೂ ಇವತ್ತಿಗೂ ಅದು ಕಿವಿಯಲ್ಲಿದೆ.

6. ರೆಕಾರ್ಡ್ ಒತ್ತಿ

ವಾರಕ್ಕೊಮ್ಮೆ ಅರ್ಧ ಗಂಟೆಯ ಮಿಕ್ಸ್ ನಿಲ್ಲಿಸದೆ ರೆಕಾರ್ಡ್ ಮಾಡಿ. ತಪ್ಪಾದರೂ ಮುಂದುವರಿಯಿರಿ. ಅವತ್ತೇ ಕೇಳಬೇಡಿ, ಮಾರನೇ ದಿನ ನಡೆಯುತ್ತಾ ಕೇಳಿ. ಆಡುವಾಗ ಭೀಕರ ಅನಿಸಿದ ಎಷ್ಟೋ ತಪ್ಪು ಕೇಳುವಾಗ ಸಿಗುವುದೇ ಇಲ್ಲ. ಚೆನ್ನಾಗಿ ಬಂತು ಅಂದುಕೊಂಡ ಜಾಗದಲ್ಲಿ ಮೂರು ನಿಮಿಷ ಏನೂ ನಡೆಯದೆ ಬೇಸರ ಹಿಡಿಸುತ್ತಿರುತ್ತದೆ.

7. ಸ್ವಂತ ಟ್ರ್ಯಾಕ್: ಎಂಟು ಬಾರಿನ ಬಲೆ

ಸಂಗೀತ ಕಟ್ಟುವ ಸಾಫ್ಟ್‌ವೇರ್‌ಗೆ ಡಾ (DAW) ಅಂತಾರೆ. ಏಬಲ್ಟನ್ ಲೈವ್, ಎಫ್ಎಲ್ ಸ್ಟುಡಿಯೊ, ಲಾಜಿಕ್, ರೀಪರ್ ಹೀಗೆ ಹಲವು. ಯಾವುದು ಒಳ್ಳೆಯದು ಅನ್ನುವ ಜಗಳಕ್ಕೆ ಇಳಿಯಬೇಡಿ. ಪರಿಚಯದವರು ಯಾವುದು ಬಳಸುತ್ತಾರೋ ಅದನ್ನೇ ತೆಗೆದುಕೊಳ್ಳಿ. ಸಿಕ್ಕಿಹಾಕಿಕೊಂಡಾಗ ಕೇಳೋಕೆ ಒಬ್ಬರು ಇರುತ್ತಾರೆ. ಮ್ಯಾಕ್ ಇದ್ದರೆ ಗರಾಜ್‌ಬ್ಯಾಂಡ್ ಉಚಿತ. ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಎಫ್ಎಲ್ ಸ್ಟುಡಿಯೊದ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಆಗುವುದಿಲ್ಲ. ಹಾಗಾಗಿ ಎದ್ದು ಹೋಗುವ ಮುಂಚೆ ಆಡಿಯೊ ಫೈಲ್ ಮಾಡಿ ಇಟ್ಟುಕೊಳ್ಳಿ.

ಈಗ ಬಲೆಯ ವಿಷಯ. ಮೊದಲ ರಾತ್ರಿಯೇ ಕಿಕ್, ಕ್ಲ್ಯಾಪ್, ಬೇಸ್, ಒಂದು ಮೆಲೊಡಿ ಸೇರಿಸಿ ಎಂಟು ಬಾರ್ ಮಾಡುತ್ತೀರಿ. ಅದ್ಭುತ ಅನಿಸುತ್ತದೆ. ಇನ್ನೂರು ಸಲ ಕೇಳುತ್ತೀರಿ. ಬೆಳಗಾದ ಮೇಲೆ ಅದನ್ನು ಹಾಡು ಮಾಡೋಕೆ ಹೋದರೆ ಮುಂದೇನು ಅಂತ ಹೊಳೆಯುವುದಿಲ್ಲ. ಹೊಸ ಎಂಟು ಬಾರ್ ಶುರು ಮಾಡುತ್ತೀರಿ. ನನ್ನ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇಂಥವು ನೂರಾರು ಇವೆ, ಎಲ್ಲದಕ್ಕೂ 'ಫೈನಲ್' ಅಂತಲೇ ಹೆಸರು.

ಹೊರಬರುವ ದಾರಿ ನಿಮ್ಮ ನೋಟ್‌ಬುಕ್‌ನಲ್ಲೇ ಇದೆ. ನೀವು ಬಿಡಿಸಿದ ಒಂದು ಟ್ರ್ಯಾಕನ್ನು ಡಾ ಒಳಗೆ ಎಳೆದು ಹಾಕಿ, ಅದರ ಬಿಪಿಎಂಗೆ ಪ್ರಾಜೆಕ್ಟ್ ಹೊಂದಿಸಿ. 9, 17, 33, 65, 97 ಅಂತ ಗುರುತು ಹಾಕಿ. ಈಗ ಅದೇ ಗುರುತುಗಳ ಕೆಳಗೆ ನಿಮ್ಮ ಸದ್ದು ತುಂಬಿ. ಅಲ್ಲಿ ಹೈ-ಹ್ಯಾಟ್ ಬಂದಲ್ಲಿ ನಿಮ್ಮ ಹೈ-ಹ್ಯಾಟ್. ಅಲ್ಲಿ ಕಿಕ್ ಹೋದಲ್ಲಿ ನಿಮ್ಮ ಕಿಕ್ಕೂ ಹೋಗಲಿ. ಮುಗಿದ ಮೇಲೆ ಆ ಮೂಲ ಟ್ರ್ಯಾಕ್ ಅಳಿಸಿಬಿಡಿ. ಇದು ಕದ್ದಂತಾಗಲಿಲ್ವಾ ಅಂತ ಕೇಳಬಹುದು. ಮೆಲೊಡಿ, ಸದ್ದು ಎಲ್ಲ ನಿಮ್ಮದೇ, ನೀವು ತೆಗೆದುಕೊಂಡದ್ದು ಮನೆಯ ನಕ್ಷೆ ಮಾತ್ರ. ಹೀಗೆ ಹತ್ತು ಟ್ರ್ಯಾಕ್ ಮುಗಿಸಿ, ಕೆಟ್ಟದಾಗಿದ್ದರೂ ಮುಗಿಸಿ. ಹನ್ನೊಂದನೆಯದಕ್ಕೆ ನಕ್ಷೆ ಬೇಕಾಗುವುದಿಲ್ಲ.

ಸಿಂಥ್, ಅಂದರೆ ಸದ್ದು ಹುಟ್ಟಿಸುವ ವಾದ್ಯ, ಒಂದೇ ಸಾಕು. ವೈಟಲ್ ಅನ್ನುವುದರ ಉಚಿತ ಆವೃತ್ತಿ ಧಾರಾಳ. ಅದರಲ್ಲಿ ಇರುವ ಸಿದ್ಧ ಸದ್ದುಗಳನ್ನೆಲ್ಲ ಪಕ್ಕಕ್ಕಿಟ್ಟು ಖಾಲಿಯಿಂದ ಒಂದು ಬೇಸ್ ಕಟ್ಟಿ ನೋಡಿ. ಸಾ (saw) ಅನ್ನುವ, ಗರಗಸದ ಹಲ್ಲಿನ ಆಕಾರದ ಅಲೆ ಹಾಕಿ, ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ. ತಳದ ಸದ್ದನ್ನಷ್ಟೇ ಬಿಡುವ ಲೋ-ಪಾಸ್ ಫಿಲ್ಟರ್ ಹಾಕಿ ಅದರ ಗಡಿ, ಅಂದರೆ ಕಟಾಫ್, ಇಳಿಸಿ, ಪಕ್ಕದ ಕೋಣೆಯಿಂದ ಕೇಳಿದಂತೆ ಮಂಕಾಗುತ್ತದೆ. ಈಗ ಆ ಕಟಾಫ್‌ಗೆ ಒಂದು ಎನ್ವಲಪ್ (ಪ್ರತಿ ಸ್ವರಕ್ಕೂ ಅದನ್ನು ಏರಿಸಿ ಇಳಿಸುವಂಥದ್ದು) ಜೋಡಿಸಿ, ಡಿಕೇ (ಇಳಿಯುವ ಸಮಯ) ಚಿಕ್ಕದಿಡಿ. ಪ್ರತಿ ಸ್ವರವೂ ಬಾಯಿ ತೆರೆದು ಮುಚ್ಚಿದಂತೆ 'ವಾವ್' ಅನ್ನುತ್ತದೆ. ರೆಸೊನೆನ್ಸ್ (ಕಟಾಫ್ ಸುತ್ತಲಿನ ಸದ್ದನ್ನು ಉಬ್ಬಿಸುವ ಗುಂಡಿ) ಏರಿಸಿದರೆ ಕಿರುಚುತ್ತದೆ.

ಈ ಕಿರುಚಾಟಕ್ಕೆ ಒಂದು ಕಥೆ ಇದೆ. ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಅನ್ನುವ ಪುಟ್ಟ ಯಂತ್ರ ತಂದಿತು. ಒಬ್ಬರೇ ಕೂತು ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರಿನ ಸಾಥ್ ಕೊಡಲಿ ಅಂತ. ಅದರ ಸದ್ದು ಬೇಸ್ ಗಿಟಾರಿನಂತೆ ಇರಲೇ ಇಲ್ಲ, ಕೆಲವೇ ವರ್ಷಕ್ಕೆ ನಿಲ್ಲಿಸಿದರು. ಸೆಕೆಂಡ್‌ಹ್ಯಾಂಡ್ ಆಗಿ ಅಗ್ಗಕ್ಕೆ ಸಿಕ್ಕಿದ್ದನ್ನು ಶಿಕಾಗೋದ ಫ್ಯೂಚರ್ ಎಂಬ ತಂಡ ಗುಂಡಿಗಳನ್ನು ಬೇಕಾಬಿಟ್ಟಿ ತಿರುಗಿಸುತ್ತಾ ನುಡಿಸಿತು. 1987ರಲ್ಲಿ ಅವರ ರೆಕಾರ್ಡ್ ಬಂದು ಆಸಿಡ್ ಹೌಸ್ ಅನ್ನುವ ಪ್ರಕಾರವೇ ಎದ್ದು ನಿಂತಿತು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ ಇದೇ 303 ಮತ್ತು ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೊ ಬೀಟಿಗೆ ನುಡಿಸಿದ್ದರು. ಆಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ಕೇಳಿದರೆ ಆಸಿಡ್ ಹೌಸ್ ಅಂತಲೇ ಅನಿಸುತ್ತದೆ.

8. ಕೆಸರು ತೆಗೆಯುವುದು

ಮಿಕ್ಸಿಂಗ್ ಅನ್ನುವುದು ಇನ್ನೊಂದು ಸಮುದ್ರ. ಶುರುವಿಗೆ ಇಷ್ಟು ಸಾಕು. ಕಿಕ್‌ನ ದೇಹ ಸುಮಾರು 50–60 ಹರ್ಟ್ಸ್‌ನಲ್ಲಿ ಇರುತ್ತದೆ. ಬೇಸ್ ಕೂಡ ಅದೇ ಅಕ್ಕಪಕ್ಕ ವಾಸ. ಇಬ್ಬರಿಗೂ ಒಂದೇ ಬಾಗಿಲು. ಕಿಕ್ ಬಂದ ಕ್ಷಣಕ್ಕೆ ಬೇಸ್ ತಾನಾಗಿ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ. ಎಷ್ಟೋ ಹೌಸ್ ಹಾಡುಗಳು ಉಸಿರಾಡಿದಂತೆ ಕೇಳುವುದು ಇದರಿಂದಲೇ. ಕಾರ್ಡ್, ದನಿ, ಹ್ಯಾಟ್‌ಗಳಲ್ಲಿ ಬೇಡದ ತಳದ ಸದ್ದನ್ನು ಹೈ-ಪಾಸ್ ಫಿಲ್ಟರ್‌ನಿಂದ ಕತ್ತರಿಸಿ. ಸಬ್ ಬೇಸ್ (ತೀರಾ ತಳದ ಸದ್ದು) ಮೋನೊ ಇರಲಿ, ಅಂದರೆ ಎಡ-ಬಲ ಎರಡರಲ್ಲೂ ಒಂದೇ. ಮಾಸ್ಟರ್ ಮೀಟರ್ ಕೆಂಪಿಗೆ ಹೋಗದೆ ಮೈನಸ್ 6 ಡೆಸಿಬೆಲ್ ಸುತ್ತ ನಿಲ್ಲಲಿ.

ಜೋರಾಗಿ ಕೇಳಿಸಬೇಕು ಅಂತ, ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್ ಮೇಲೆ ಬೀಳಬೇಡಿ. ಸ್ಟ್ರೀಮಿಂಗ್ ಸೇವೆಗಳು ಜೋರಿನ ಹಾಡನ್ನು ತಾವೇ ತಗ್ಗಿಸುತ್ತವೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಜೋರು ಅಳೆಯುವ ಮಾನ) ತರುತ್ತದೆ. ನೀವು ಹಿಂಡಿ ಹಾಕಿದ ಜೀವ ಮಾತ್ರ ವಾಪಸ್ ಬರುವುದಿಲ್ಲ. ಮುಗಿದ ಮೇಲೆ ಕಾರು, ಫೋನು, ಹಾಳು ಸ್ಪೀಕರ್, ಎಲ್ಲದರಲ್ಲೂ ಒಂದೊಂದು ಸಲ ಕೇಳಿ.

9. ಬೇರೆಯವರ ತುಂಡು ಬಳಸುವ ಮುಂಚೆ

ಚಿಕ್ಕಂದಿನಿಂದ ಪ್ರೀತಿಸಿದ ಹಾಡಿನ ಒಂದು ತುಂಡು ನಿಮ್ಮ ಟ್ರ್ಯಾಕ್‌ನಲ್ಲಿ ಹಾಕುವ ಆಸೆ ಸಹಜ. ಮನೆಯಲ್ಲಿ ಅಭ್ಯಾಸಕ್ಕೆ ಎಷ್ಟು ಬೇಕಾದರೂ ಮಾಡಿ. ಬಿಡುಗಡೆ ಮಾಡುವುದಾದರೆ ಎರಡು ಕಡೆ ಅನುಮತಿ ಬೇಕು: ಹಾಡು ಬರೆದವರ ಹಕ್ಕು ಒಂದು, ಆ ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಇಷ್ಟು ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ ಅನ್ನುವುದು ಸುಳ್ಳು ನಂಬಿಕೆ.

1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡದ ಡ್ರಮ್ಮರ್ ಗ್ರೆಗೊರಿ ಕೋಲ್ಮನ್ ಒಂದು ಹಾಡಿನ ನಡುವೆ ನಾಲ್ಕು ಬಾರ್ ಡ್ರಮ್ ನುಡಿಸಿದ. ಆಮೆನ್ ಬ್ರೇಕ್ ಅಂತ ಅದಕ್ಕೆ ಹೆಸರು. ಹಿಪ್‌ಹಾಪ್‌ನಲ್ಲಿ, ಜಂಗಲ್‌ನಲ್ಲಿ, ಡ್ರಮ್ ಅಂಡ್ ಬೇಸ್‌ನಲ್ಲಿ ಸಾವಿರಾರು ಟ್ರ್ಯಾಕ್‌ಗಳು ಆ ನಾಲ್ಕು ಬಾರಿನ ಮೇಲೆ ನಿಂತಿವೆ. 2006ರಲ್ಲಿ ತೀರಿಕೊಳ್ಳುವ ತನಕ ಅವನಿಗೆ ಅದರಿಂದ ರಾಯಲ್ಟಿ ಬರಲಿಲ್ಲ. ಸ್ಯಾಂಪಲ್ ಕತ್ತರಿಸುವಾಗ ನನಗೆ ಅವನ ನೆನಪಾಗುತ್ತದೆ. ರಾಯಲ್ಟಿ-ಫ್ರೀ ಸ್ಯಾಂಪಲ್ ಪ್ಯಾಕ್‌ಗಳು ಬೇಕಾದಷ್ಟಿವೆ, ಅವನ್ನು ಬಳಸಿ. ಇಲ್ಲವೇ ಫೋನಿನಲ್ಲಿ ನೀವೇ ಬಾಗಿಲು ಬಡಿದು ರೆಕಾರ್ಡ್ ಮಾಡಿಕೊಳ್ಳಿ. ಒಳ್ಳೆಯ ಕ್ಲ್ಯಾಪ್ ಆಗುತ್ತದೆ.

10. ಹೆಸರು, ಡೆಮೊ

ಡಿಜೆ ಹೆಸರು ಇಟ್ಟುಕೊಳ್ಳುವ ಮುಂಚೆ ಅದೇ ಹೆಸರಿನವರು ಇದ್ದಾರಾ ಅಂತ ಹುಡುಕಿ. ಡೆಮೊ, ಅಂದರೆ ಮಾದರಿ ಟ್ರ್ಯಾಕ್, ಲೇಬಲ್‌ಗಳಿಗೆ (ಸಂಗೀತ ಬಿಡುಗಡೆ ಮಾಡುವ ಕಂಪನಿಗಳು) ಕಳಿಸುವುದಾದರೆ ನಿಮ್ಮ ಸೆಟ್‌ನಲ್ಲಿ ನೀವೇ ನುಡಿಸುವ ಲೇಬಲ್‌ಗಳಿಗೆ ಮಾತ್ರ ಕಳಿಸಿ. ಎರಡೇ ಟ್ರ್ಯಾಕ್, ಖಾಸಗಿ ಸ್ಟ್ರೀಮಿಂಗ್ ಲಿಂಕ್, ನಾಲ್ಕು ಸಾಲಿನ ಪತ್ರ. ಒಂದೇ ಪತ್ರವನ್ನು ನಲವತ್ತು ಜನಕ್ಕೆ ಒಟ್ಟಿಗೆ ಕಳಿಸಿ, ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಮಾಡಬೇಡಿ. ನಾನು ಮಾಡಿದ್ದೆ. ಉತ್ತರ ಬಂದಿದ್ದು ಒಂದೇ, ಅದೂ ಬೈಗುಳ.

11. ಮೊದಲ ರಾತ್ರಿ

ನನ್ನ ಮೊದಲ ಅವಕಾಶ ರಾತ್ರಿಯ ಶುರುವಿನ ಒಂದು ಗಂಟೆ. ಮೂರು ವಾರ ತಯಾರಿ. ಪೆನ್‌ಡ್ರೈವ್ ಚುಚ್ಚಿದೆ. ಪ್ಲೇಯರ್ ಓದಲೇ ಇಲ್ಲ. ತೆಗೆದೆ, ಒರೆಸಿದೆ, ಮತ್ತೆ ಚುಚ್ಚಿದೆ. ಪರದೆ ಖಾಲಿ. ಡ್ರೈವ್ ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಆಗಿತ್ತು, ಆ ಪ್ಲೇಯರ್‌ಗಳಿಗೆ ಬೇಕಾದ್ದು ಫ್ಯಾಟ್32. ನನ್ನ ನಂತರ ನುಡಿಸಬೇಕಿದ್ದವರು ಏನೂ ಹೇಳದೆ ತಮ್ಮ ಡ್ರೈವ್ ಕೊಟ್ಟರು. ಗೊತ್ತಿಲ್ಲದ ಹಾಡುಗಳನ್ನು ಒಂದು ಗಂಟೆ ನುಡಿಸಿದೆ. ಎಂಟರ ಮಗ್ಗಿ ಒಂದೇ ನನ್ನ ಕೈ ಹಿಡಿದದ್ದು.

ಅದಕ್ಕೇ ಹೇಳುತ್ತೇನೆ: ಫ್ಯಾಟ್32 ಮಾಡಿದ ಎರಡು ಪೆನ್‌ಡ್ರೈವ್, ಎರಡರಲ್ಲೂ ಒಂದೇ ಸಂಗ್ರಹ. ಹೆಡ್‌ಫೋನ್‌ಗೆ ದೊಡ್ಡ ಪಿನ್ನಿನ ಅಡಾಪ್ಟರ್, ಅದೂ ಎರಡು. ಅರ್ಧ ಗಂಟೆ ಮುಂಚೆ ಹೋಗಿ, ನಿಮ್ಮ ಮುಂಚೆ ನುಡಿಸುವವರ ಹಿಂದೆ ನಿಂತು ಯಾವ ಗುಂಡಿ ಎಲ್ಲಿದೆ ನೋಡಿ. ಮಾತಾಡಿಸಬೇಡಿ, ಅವರು ಎಣಿಸುತ್ತಿರುತ್ತಾರೆ.

ಶುರುವಿನ ಗಂಟೆ ಸಿಕ್ಕರೆ ಅದರ ಮರ್ಯಾದೆ ಕಾಪಾಡಿ. ಖಾಲಿ ಕೋಣೆಯಲ್ಲಿ ಮೊದಲ ಹಾಡಿಗೇ ದೊಡ್ಡ ಡ್ರಾಪ್ ಹಾಕುವವರನ್ನು ಎರಡನೇ ಸಲ ಕರೆಯುವುದಿಲ್ಲ. 120ರ ಹತ್ತಿರ ಶುರು ಮಾಡಿ, ಮಿಕ್ಸರ್‌ನ ಕೆಂಪು ದೀಪ ಹತ್ತದಂತೆ ಇಟ್ಟುಕೊಂಡು, ಜನ ತಲೆ ಆಡಿಸುವ ಮಟ್ಟಕ್ಕೆ ತಂದು ಮುಂದಿನವರಿಗೆ ಒಪ್ಪಿಸಿ.

ಕಿವಿಗೆ ಇಯರ್‌ಪ್ಲಗ್ ಹಾಕಿ. ಸ್ಪಂಜಿನದಲ್ಲ, ಎಲ್ಲ ಸದ್ದನ್ನೂ ಒಂದೇ ಸಮ ತಗ್ಗಿಸುವ ಸಂಗೀತಗಾರರ ಪ್ಲಗ್. 85 ಡೆಸಿಬೆಲ್ ಸದ್ದಿನಲ್ಲಿ ಕಿವಿ ಎಂಟು ಗಂಟೆ ತಾಳುತ್ತದೆ ಅನ್ನುವುದು ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100ಕ್ಕೆ ಹದಿನೈದೇ ನಿಮಿಷ. ಕ್ಲಬ್ಬಿನ ಡಿಜೆ ಜಾಗದಲ್ಲಿ 100 ದೊಡ್ಡ ಸಂಗತಿಯಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಮನೆಗೆ ಬಂದು ಮಲಗಿದಾಗ ಕಿವಿಯಲ್ಲಿ 'ಕುಯ್ಯ್' ಅಂದರೆ ಅವತ್ತು ಜಾಸ್ತಿಯಾಯಿತು ಅಂತ ಅರ್ಥ.

ಸಾಧ್ಯವಾದರೆ ಆ ರಾತ್ರಿಯ ಸೆಟ್ಟನ್ನೂ ರೆಕಾರ್ಡ್ ಮಾಡಿ. ಎರಡು ದಿನ ಬಿಟ್ಟು, ಮೊದಲ ಹಾಡು ಬಿಡಿಸಿದ ಅದೇ ನೋಟ್‌ಬುಕ್ ತೆಗೆದು, ಕೇಳುತ್ತಾ ಬರೆಯಿರಿ. ನನ್ನದರಲ್ಲಿ ಆ ಪುಟ ಹೀಗಿದೆ: '4ನೇ ನಿಮಿಷ, ಎರಡೂ ಬೇಸ್ ಒಟ್ಟಿಗೆ, ಛೀ. 11, ಕುದುರೆ ಓಡ್ತು. 26, ಯಾರ ಹಾಡೋ ಗೊತ್ತಿಲ್ಲ, ಗಡಿಗೆ ಸರಿಯಾಗಿ ಬಿತ್ತು, ಮುಂದೆ ನಿಂತಿದ್ದ ಇಬ್ಬರು ಕುಣಿಯೋಕೆ ಶುರು ಮಾಡಿದ್ರು. ಈ ಹಾಡಿನ ಹೆಸರು ಕೇಳಬೇಕು.'